ಹೊಸ ರೈಫಲ್ಲೋ, ತಂದೆಯವರ ಜೋಡುನಳಿಗೆಯೋ?

ಪ್ರಶ್ನೆ: ನಮ್ಮದು ಖಾನಾಪುರ ತಾಲೂಕಿನ ಕಾಡಂಚಿನ ಊರು. ಭತ್ತ ಮತ್ತು ಕಬ್ಬು ಬೆಳೆಯುತ್ತೇವೆ. ಕಾಡುಹಂದಿಗಳ ಕಾಟಕ್ಕಾಗಿ ತಂದೆಯವರು ಬಹಳ ವರ್ಷಗಳ ಹಿಂದೆಯೇ ಬೆಳೆ ರಕ್ಷಣೆಯ ಪರವಾನಗಿ ಪಡೆದು, ಇಂಗ್ಲೆಂಡಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ ಬಂದೂಕು ಇಟ್ಟುಕೊಂಡಿದ್ದಾರೆ. ಅವರಿಗೀಗ 72 ವರ್ಷ. ಬಂದೂಕನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಆದರೆ ಅಂಗಡಿಯವರೊಬ್ಬರು ಹಳೆಯದನ್ನು ಮಾರಿ .315 ರೈಫಲ್ ಕೊಳ್ಳಿ ಎನ್ನುತ್ತಾರೆ. ಯಾವುದು ಸರಿ? ಯಾವ ಕಾಡತೂಸು ಬಳಸಬೇಕು? ಕಳೆದ ಮಳೆಗಾಲದಲ್ಲಿ ನಳಿಗೆಯೊಳಗೆ ಕಂದು ಚುಕ್ಕೆಗಳು ಕಾಣಿಸಿಕೊಂಡಿವೆ. ಪೆಟ್ಟಿಗೆಯಲ್ಲಿ ಹಳೆಯ ಕಾಗದದ ಕಾಡತೂಸುಗಳೂ ಉಳಿದಿವೆ. ಏನು ಮಾಡಲಿ?

ಉತ್ತರ: ನಿಮ್ಮ ಹೊಲದ ಆಚೆ ಬದಿಯಲ್ಲಿ ಏನಿದೆಯೆಂದು ನೀವು ಬರೆದಿಲ್ಲ. ಅಲ್ಲಿ ಗುಡ್ಡವಿದೆಯೋ, ರಸ್ತೆಯಿದೆಯೋ, ನೆರೆಯವರ ಕಾವಲು ಗುಡಿಸಲಿದೆಯೋ ಎಂಬುದನ್ನು ನಾನು ಬಂದೂಕಿನ ಹೆಸರಿಗಿಂತ ಮೊದಲು ಕೇಳುತ್ತೇನೆ. ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧಗಳ ದುರಸ್ತಿಗಾರನಾಗಿ ಹಲವು ವರ್ಷ, ಆಮೇಲೆ ಬೆಳಗಾವಿಯಲ್ಲಿ ಪರವಾನಗಿ ಪಡೆದು ದುರಸ್ತಿಯ ಕೆಲಸದಲ್ಲಿ ಅಷ್ಟೇ ವರ್ಷ ಕಳೆದ ಮೇಲೆ ನನಗೆ ಮನವರಿಕೆಯಾಗಿರುವುದು ಇದು: ರೈತನ ಬಂದೂಕನ್ನು ಆರಿಸಬೇಕಾದದ್ದು ಅದು ಎಷ್ಟು ಜೋರಾಗಿ ಹೊಡೆಯುತ್ತದೆ ಎಂಬುದನ್ನು ನೋಡಿ ಅಲ್ಲ, ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡಿ.

.315 ರೈಫಲ್ ಕೆಟ್ಟ ಆಯುಧವಲ್ಲ. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ಈ ಬೋಲ್ಟ್ ರೈಫಲ್ಲಿನ (ಪ್ರತಿ ಹೊಡೆತಕ್ಕೂ ಬೋಲ್ಟನ್ನು ಕೈಯಿಂದ ಹಿಂದೆಮುಂದೆ ಎಳೆಯಬೇಕಾದದ್ದು) ಯಂತ್ರಭಾಗ ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದು. ಮ್ಯಾಗಜೀನಿನಲ್ಲಿ 5 ಕಾಡತೂಸು ಹಿಡಿಯುತ್ತದೆ. .303 ಬೋರು, ಅಂದರೆ ಆ ಅಳತೆಯ ನಳಿಗೆ, ನಾಗರಿಕರಿಗೆ ನಿಷಿದ್ಧವಾಗಿರುವುದರಿಂದ ನಮ್ಮಲ್ಲಿ ರೈಫಲ್ ಬೇಕೆನ್ನುವವರ ಕೈಗೆ ಬಹುಮಟ್ಟಿಗೆ ಬರುವುದು ಇದೇ. ಇದರ ಗುಂಡಿನ ತೂಕ 244 ಗ್ರೇನ್, ಅಂದರೆ ಸುಮಾರು 16 ಗ್ರಾಂ. ಅದು ಸೆಕೆಂಡಿಗೆ ಹೆಚ್ಚುಕಡಿಮೆ 600 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಇದಕ್ಕಿಂತ ಹಗುರವಾದ ಗುಂಡನ್ನು ಇನ್ನೂ ವೇಗವಾಗಿ ಎಸೆಯುವ .30-06 ರೈಫಲ್ಲೂ ಇದೆ. ದೂರದ ಗುರಿಗೆ ಅದು .315ಕ್ಕಿಂತ ಮೇಲು, ಆದರೆ ಕಾಡತೂಸಿನ ಬೆಲೆಯೂ ಹೆಗಲಿಗೆ ಬೀಳುವ ಒದೆತವೂ ಹೆಚ್ಚು. ಹಂದಿಯಷ್ಟು ಗಾತ್ರದ ಪ್ರಾಣಿಗೆ ಎರಡರಲ್ಲಿ ಯಾವುದಾದರೂ ಸಾಕಷ್ಟಾಯಿತು. ತೊಡಕಿರುವುದು ಬೇರೆ ಕಡೆ. ನೆಲಕ್ಕೋ ದಿಬ್ಬಕ್ಕೋ ತಾಗದೆ ಹೋದ ಇಂಥ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಭತ್ತದ ಗದ್ದೆಯ ಬಯಲಿನಲ್ಲಿ, ಕತ್ತಲಲ್ಲಿ, ಟಾರ್ಚಿನ ಬೆಳಕಿಗೆ ಓಡುವ ಹಂದಿಯ ಮೇಲೆ ರೈಫಲ್ ಹಾರಿಸುವವನು ತನ್ನ ಗುಂಡಿನ ಕೊನೆಯನ್ನು ಕಾಣುವುದು ಸಾಧ್ಯವೇ ಇಲ್ಲ.

ತಂದೆಯವರ ಬಂದೂಕಿನಂಥ, ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆಯ 12 ಬೋರಿನ ಲೆಕ್ಕ ಬೇರೆ. ಅದರ ಕಾಡತೂಸಿನೊಳಗಿನ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ದುಂಡಗಿರುವುದರಿಂದ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಕ್ಕಿಗೆ ಬಳಸುವ 6ನೇ ನಂಬರಿನ ಚರೆ ಸುಮಾರು 200 ಮೀಟರಿನೊಳಗೆ ಬಿದ್ದುಬಿಡುತ್ತದೆ; ದಪ್ಪನೆಯ ಎಸ್‌.ಜಿ. ಚರೆ 600 ಮೀಟರಿನ ಆಸುಪಾಸು ಹೋಗುತ್ತದೆ. ಅದೂ ಸಣ್ಣ ದೂರವಲ್ಲ, ಆದರೆ ನಿಮ್ಮ ಹೊಲದ ಎಲ್ಲೆಯಲ್ಲಿ ನಿಂತು ಕಣ್ಣಳತೆಯಲ್ಲಿ ಅಳೆಯಬಹುದಾದ ದೂರ. ಹಂದಿ ಬೆಳೆಗೆ ನುಗ್ಗಿದಾಗ ಕಾವಲುಗಾರನಿಗೆ ಅದು ಕಾಣುವುದೇ ಇಪ್ಪತ್ತು ಮೂವತ್ತು ಮೀಟರಿನಲ್ಲಿ. ಅಷ್ಟು ಹತ್ತಿರದ ಕೆಲಸಕ್ಕೆ ಎರಡು ಕಿಲೋಮೀಟರಿನ ಆಯುಧ ಬೇಡ. ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ: ಪರೀಕ್ಷೆಯಲ್ಲಿ ತಂದೆಯವರ ಬಂದೂಕು ಗಟ್ಟಿಯೆಂದು ತೇರ್ಗಡೆಯಾದರೆ ಅದನ್ನು ಮಾರಬೇಡಿ. 1980ರ ದಶಕದ ಮಧ್ಯದಿಂದ ವಿದೇಶಿ ಬಂದೂಕುಗಳ ಆಮದು ಸಾಮಾನ್ಯರಿಗೆ ಮುಚ್ಚಿಹೋಗಿದೆ. ಒಮ್ಮೆ ಕೈಬಿಟ್ಟ ಒಳ್ಳೆಯ ಇಂಗ್ಲಿಷ್ ಜೋಡುನಳಿಗೆ ಅದೇ ಬೆಲೆಗೆ ಮತ್ತೆ ಸಿಗುವುದಿಲ್ಲ.

ಕಾನೂನು ಕೂಡ ಇದೇ ದಿಕ್ಕಿಗೆ ವಾಲುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕನ್ನು ರಕ್ಷಣೆಗೆ ಅಥವಾ ಕ್ರೀಡೆಗೆ ಕೇಳುವವರನ್ನೂ, ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು ಕೇಳುವವರನ್ನೂ ಒಂದು ಗುಂಪಿನಲ್ಲಿರಿಸುತ್ತದೆ. ಮದ್ದು ತುಂಬುವ ಬಂದೂಕು ಬೆಳೆ ಕಾಯಲು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಪರವಾನಗಿ ಕೊಡಬಹುದು. ರೈಫಲ್ ಕೇಳುವವರು ಮಾತ್ರ ಅದೇ ಯಾಕೆ ಬೇಕೆಂಬುದಕ್ಕೆ ತಕ್ಕ ಕಾರಣ ತೋರಿಸಬೇಕು. ನಿಮ್ಮ ತಂದೆಯವರಿಗೆ 70 ದಾಟಿರುವುದರಿಂದ, 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ಅವರು ಬದುಕಿರುವಾಗಲೇ ನಿಮ್ಮನ್ನು ವಾರಸುದಾರರೆಂದು ಸೂಚಿಸಿ ಬಂದೂಕನ್ನು ನಿಮ್ಮ ಪರವಾನಗಿಗೆ ವರ್ಗಾಯಿಸಬಹುದು. ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಗೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಸಾಮಾನ್ಯವಾಗಿ 2. ವರ್ಗಾವಣೆ ಆಗುವವರೆಗೆ ನೀವು ಒಬ್ಬರೇ ಆ ಬಂದೂಕು ಹಿಡಿದು ರಾತ್ರಿ ಕಾವಲಿಗೆ ಹೋಗಬಾರದು. ಅಪ್ಪನ ಬಂದೂಕು ಮಗನ ಕೈಯಲ್ಲಿದ್ದರೆ ತಪ್ಪೇನು ಎಂದು ಊರಿನಲ್ಲಿ ಎಲ್ಲರೂ ಭಾವಿಸುತ್ತಾರೆ. ಕಾಯ್ದೆಯ ಕಣ್ಣಿನಲ್ಲಿ ಅದು ಪರವಾನಗಿಯಿಲ್ಲದ ಆಯುಧ. ದುರಸ್ತಿಗೋ ನವೀಕರಣಕ್ಕೋ ಒಯ್ಯುವುದಾದರೆ ತಂದೆಯವರ ಲಿಖಿತ ಅನುಮತಿ ಜೊತೆಗಿರಲಿ.

ಭೀಮಗಡ ವನ್ಯಜೀವಿ ಧಾಮ ನಿಮ್ಮ ತಾಲೂಕಿನಲ್ಲೇ ಇದೆ. ಅದು ಘೋಷಣೆಯಾದದ್ದು 2011ರಲ್ಲಿ. ಧಾಮದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದೂ, ಆ ಎಲ್ಲೆಯೊಳಗೆ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕೆಂದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಹೇಳುತ್ತದೆ. ನಿಮ್ಮ ಊರು ಆ ಎಲ್ಲೆಯೊಳಗೆ ಬರುವುದೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ವಿಚಾರಿಸಿ, ತಂದೆಯವರ ನೋಂದಣಿ ಆಗಿದೆಯೇ ಎಂದೂ ನೋಡಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಂದೂಕಿನ ಪರವಾನಗಿ ಹಂದಿ ಹೊಡೆಯುವ ಪರವಾನಗಿಯಲ್ಲ. ಕಾಡುಹಂದಿ ಈಗ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಿದ್ದರೆ 11ನೇ ಕಲಮಿನಡಿ ಅಧಿಕೃತ ಅಧಿಕಾರಿ ಲಿಖಿತವಾಗಿ, ಕಾರಣ ಸಮೇತ ಅನುಮತಿ ಕೊಟ್ಟಾಗ ಮಾತ್ರ ಗುಂಡು ಹಾರಿಸಬಹುದು. ಹಾಗೆ ಸತ್ತ ಪ್ರಾಣಿಯೂ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಅದೇ ಪ್ರತ್ಯೇಕ ಮೊಕದ್ದಮೆಯಾಗುತ್ತದೆ. ಬೆಳೆ ಹಾನಿಯಾದ ಮರುದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಸಿಡಿಮದ್ದಿನ ಉಂಡೆ, ಬೇಲಿಗೆ ವಿದ್ಯುತ್ ಹರಿಸುವುದು, ಇವುಗಳ ಹತ್ತಿರವೂ ಸುಳಿಯಬೇಡಿ; ಅವು ದನಕರುಗಳನ್ನೂ ಮನುಷ್ಯರನ್ನೂ ಬಿಟ್ಟಿಲ್ಲ.

ಈಗ ಬಂದೂಕಿನ ವಿಷಯ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಳೆಯ ಇಂಗ್ಲಿಷ್ ಬಂದೂಕುಗಳಿಗೆ ಆಗುವ ಹಾನಿಯ ಒಂದು ದೊಡ್ಡ ಪಾಲು ಕಾಡತೂಸಿನ ಉದ್ದದ ಬಗೆಗಿನ ತಿಳಿವಳಿಕೆಯ ಕೊರತೆಯಿಂದಲೇ ಆಗುತ್ತದೆ. ಮುಂಗಟ್ಟನ್ನು, ಅಂದರೆ ನಳಿಗೆಯ ಕೆಳಗಿನ ಮರದ ಹಿಡಿಯನ್ನು, ಬಿಡಿಸಿ ನಳಿಗೆಯನ್ನು ಕಳಚಿ, ಅದರ ಅಡಿಯ ಚಪ್ಪಟೆ ಭಾಗವನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪರೀಕ್ಷಾ ಮುದ್ರೆಗಳು ಅಲ್ಲಿರುತ್ತವೆ. ಇಂದಿನ ಕಾಡತೂಸುಗಳಲ್ಲಿರುವ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ನಳಿಗೆಯ ಮೇಲೆ ‘ನೈಟ್ರೋ ಪ್ರೂಫ್’ ಎಂಬ ಬರಹವಾಗಲಿ, 1954ರ ನಂತರದ್ದಾದರೆ ಕಿರೀಟದ ಕೆಳಗೆ ಅದರ ಗುರುತಿನ ಅಕ್ಷರಗಳಾಗಲಿ ಇರಬೇಕು. ನಳಿಗೆಯ ಮೈಮೇಲೆ ಮರದ ಎಳೆಯಂತೆ ಸುರುಳಿ ಸುರುಳಿಯಾದ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ್ದು, ಬಹುಪಾಲು ಕಪ್ಪು ಮದ್ದಿನ ಕಾಲದ್ದು. ಅಂಥದ್ದಾಗಿದ್ದರೆ ಇಂದಿನ ಕಾಡತೂಸನ್ನು ಅದರಲ್ಲಿ ಹಾಕಲೇಬೇಡಿ.

ಅದೇ ಮುದ್ರೆಗಳ ನಡುವೆ ಚೇಂಬರಿನ, ಅಂದರೆ ಕಾಡತೂಸು ಕೂರುವ ಜಾಗದ, ಉದ್ದವೂ ಕೆತ್ತಿರಬಹುದು. ಹಳೆಯ ಇಂಗ್ಲಿಷ್ ಜೋಡುನಳಿಗೆಗಳಲ್ಲಿ ಹೆಚ್ಚಿನವಕ್ಕೆ ಎರಡೂವರೆ ಇಂಚಿನ, ಅಂದರೆ ಸುಮಾರು 65 ಮಿಲಿಮೀಟರಿನ ಚೇಂಬರ್ ಇರುತ್ತದೆ. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವುದು 70 ಮಿಲಿಮೀಟರಿನ ಕಾಡತೂಸು. ಪೆಟ್ಟಿಗೆಯ ಮೇಲೆ ಬರೆದಿರುವ ಉದ್ದ ಹಾರಿಸಿದ ನಂತರ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಹಾರಿಸುವ ಮುನ್ನ ಬಾಯಿ ಮಡಚಿರುವುದರಿಂದ ಕಾಡತೂಸು ಗಿಡ್ಡವಾಗಿದ್ದು, 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಆ ಮಡಿಕೆ ಚೇಂಬರಿನ ಆಚೆ, ನಳಿಗೆ ಕಿರಿದಾಗುವ ಕಡೆ ಬಿಚ್ಚಿಕೊಂಡು ದಾರಿಯನ್ನು ಇಕ್ಕಟ್ಟಾಗಿಸುತ್ತದೆ, ಒತ್ತಡ ಏರುತ್ತದೆ. ಒಂದೇ ಹೊಡೆತಕ್ಕೆ ಬಂದೂಕು ಸಿಡಿಯದಿರಬಹುದು. ಆದರೆ ಹಿಂಜು ಸಡಿಲಾಗುತ್ತದೆ, ಮರ ಬಿರುಕು ಬಿಡುತ್ತದೆ, ಕೊನೆಗೊಂದು ದಿನ ನಳಿಗೆ ಉಬ್ಬುತ್ತದೆ. ‘ಕೂರುತ್ತದಲ್ಲ, ಮತ್ತೇನು’ ಎಂದು ಹೇಳಿ ಬಂದೂಕು ಕೆಡಿಸಿಕೊಂಡವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಮುದ್ರೆ ಸವೆದು ಹೋಗಿದ್ದರೆ ಪರವಾನಗಿಯುಳ್ಳ ದುರಸ್ತಿಗಾರರು ಗೇಜಿನಿಂದ ಅಳೆದು ಹೇಳುತ್ತಾರೆ. ಆ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಕಾಡತೂಸಿನ ಪೆಟ್ಟಿಗೆಯೊಳಗೇ ಅಂಟಿಸಿಡಿ.

ದುರಸ್ತಿಗಾರರಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಬಂದೂಕು ಖಾಲಿಯಿದೆಯೆಂದು ಎರಡೂ ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿಟ್ಟು ಖಚಿತಪಡಿಸಿಕೊಳ್ಳಿ. ಮುಂಗಟ್ಟು ತೆಗೆದು ಬಂದೂಕನ್ನು ಮುಚ್ಚಿ ಮೆಲ್ಲಗೆ ಅಲುಗಾಡಿಸಿ. ನಳಿಗೆಗೂ ಹಿಂಭಾಗಕ್ಕೂ ನಡುವೆ ಟಕಟಕ ಸದ್ದಾದರೆ, ಅಥವಾ ಬೆಳಕಿಗೆ ಹಿಡಿದಾಗ ಅಲ್ಲಿ ಗೆರೆಯಂತೆ ಬೆಳಕು ಕಂಡರೆ ಸವೆತ ಮುಂದುವರಿದಿದೆ. ಕಳಚಿದ ನಳಿಗೆಯನ್ನು ಕೊಕ್ಕೆಯಿಂದ ದಾರಕ್ಕೆ ತೂಗುಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಉದ್ದವಾಗಿ ನಾದ ಬರಬೇಕು. ಮಂಕು ಸದ್ದು ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿ ಬೆಸುಗೆ ಬಿಟ್ಟಿದೆ. ಕೊನೆಗೆ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರಗಳು ಸಮನಾಗಿರಬೇಕು. ಒಂದು ಕಡೆ ನೆರಳು ಮುರಿದಂತೆ ಕಂಡರೆ ಅಲ್ಲಿ ತಗ್ಗು ಬಿದ್ದಿದೆ. ಸುತ್ತಲೂ ಕಪ್ಪು ಉಂಗುರ ಕಂಡರೆ ನಳಿಗೆ ಉಬ್ಬಿದೆ, ಅಂಥ ಬಂದೂಕನ್ನು ಹಾರಿಸಬಾರದು.

ಕಾಡತೂಸಿನ ಆಯ್ಕೆಗೆ ಬರೋಣ. ದೇಶಿ ಕಾಡತೂಸುಗಳಲ್ಲಿ ನಮ್ಮ ಭಾಗದವರಿಗೆ ಪರಿಚಿತವಾದವು ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯವು. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಡಿಯಲ್ಲಿದೆ. ಅನುಮತಿ ಪಡೆದು ಹಂದಿಗೆ ಹೊಡೆಯುವ ಸಂದರ್ಭ ಬಂದರೆ ದಪ್ಪ ಚರೆಯ ಎಲ್‌.ಜಿ. ಅಥವಾ ಎಸ್‌.ಜಿ. ಮಾತ್ರ ಬಳಸಿ, ಅದೂ 30 ಮೀಟರಿನೊಳಗೆ. 4, 6ನೇ ನಂಬರಿನ ಸಣ್ಣ ಚರೆಯಿಂದ ಹಂದಿ ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ಸೇರುತ್ತದೆ; ಮರುದಿನ ಬೆಳಿಗ್ಗೆ ಕಬ್ಬಿಗೆ ಹೋದ ಹೆಣ್ಣುಮಕ್ಕಳ ಮೇಲೆ ಅದು ಎರಗುವ ಅಪಾಯ ನಿಜವಾದದ್ದು. ಒಂಟಿ ಗುಂಡಿನ ಕಾಡತೂಸು ಬಳಸುವುದಾದರೆ ನಳಿಗೆಯ ಚೋಕ್ ಎಷ್ಟಿದೆಯೆಂದು ಮೊದಲು ತಿಳಿದಿರಬೇಕು. ಚೋಕ್ ಅಂದರೆ ನಳಿಗೆಯ ತುದಿಯ ಬಿಗಿತ. ಹಳೆಯ ಜೋಡುನಳಿಗೆಗಳಲ್ಲಿ ಸಾಮಾನ್ಯವಾಗಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ. ಪೂರ್ತಿ ಬಿಗಿ ಚೋಕ್ 40 ಗಜ ದೂರದ 30 ಇಂಚಿನ ವೃತ್ತದೊಳಗೆ ಸುಮಾರು 70 ಪ್ರತಿಶತ ಚರೆಯನ್ನು ಬೀಳಿಸುತ್ತದೆ, ಬಿಗಿಯೇ ಇಲ್ಲದ್ದು ಸುಮಾರು 40 ಪ್ರತಿಶತ. ನಳಿಗೆಯ ಅಳತೆಗೆ ಸರಿಯಾಗಿ ಎರಕ ಹೊಯ್ದ ಗಟ್ಟಿ ಸೀಸದ ಗುಂಡನ್ನು ಬಿಗಿ ಚೋಕಿನಿಂದ ಹಾಯಿಸಿದರೆ ತುದಿ ಬಿರಿಯಬಹುದು. ಚೋಕಿಗೆ ಹೊಂದುವ ಗುಂಡೆಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿದ್ದರೆ ಮಾತ್ರ ಕೊಳ್ಳಿ. ಒಂಟಿ ಗುಂಡು ಚರೆಗಿಂತ ಬಹಳ ದೂರ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಯಾವ ಕಾಡತೂಸು ನಿಮ್ಮ ಯಾವ ನಳಿಗೆಯಲ್ಲಿ ಹೇಗೆ ಹರಡುತ್ತದೆ ಎಂಬುದು ಪುಸ್ತಕದಿಂದ ತಿಳಿಯುವುದಿಲ್ಲ. ಪರವಾನಗಿಯುಳ್ಳ ಶೂಟಿಂಗ್ ರೇಂಜಿನಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ತೂತುಗಳನ್ನು ಎಣಿಸಿಯೇ ತಿಳಿಯಬೇಕು.

ಮನೆಯಲ್ಲಿ 20 ಬೋರಿನ ಕಾಡತೂಸು ಒಂದೂ ಇರಕೂಡದು. ಅದು ಕತ್ತಲಲ್ಲಿ 12 ಬೋರಿನೊಳಗೆ ಜಾರಿ, ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ; ಚೇಂಬರ್ ಖಾಲಿಯಿದೆಯೆಂದುಕೊಂಡು ಇನ್ನೊಂದು ಹಾಕಿ ಹೊಡೆದರೆ ಎಡಗೈ ಇರುವ ಜಾಗದಲ್ಲೇ ನಳಿಗೆ ಒಡೆಯುತ್ತದೆ. ಈ ಕಾರಣಕ್ಕೇ 20 ಬೋರಿನ ಕವಚಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಹಾಗೆಯೇ ನಳಿಗೆಯಲ್ಲಿ ಕೆಸರು, ಬಟ್ಟೆಯ ತುಂಡು, ಕಣಜದ ಮಣ್ಣಿನ ಗೂಡು ಇದ್ದರೂ ಫಲ ಒಂದೇ. ಬೇಸಿಗೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಬಂದೂಕಿನೊಳಗೆ ಕಣಜ ಗೂಡು ಕಟ್ಟಿದ್ದು ಗೊತ್ತಾಗದೆ ಹೊಡೆದ ರೈತರೊಬ್ಬರ ನಳಿಗೆ ನನ್ನ ಬಳಿ ಬಂದಿತ್ತು. ತುದಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡಿತ್ತು, ಅವರ ಕೈ ಉಳಿದದ್ದು ಪುಣ್ಯ. ಕಾಡತೂಸು ಹಾಕುವ ಮೊದಲು ಪ್ರತಿ ಸಲ ನಳಿಗೆಯ ಮೂಲಕ ಆಕಾಶ ನೋಡುವ ಅಭ್ಯಾಸವಾಗಲಿ.

ನಿಮ್ಮ ಕಂದು ಚುಕ್ಕೆಗಳ ವಿಷಯ. ಖಾನಾಪುರದ ಮಳೆಯಲ್ಲಿ ತುಕ್ಕು ಬರುವುದು ಸಹಜ, ಗಾಬರಿಯಾಗಬೇಡಿ. ಆದರೆ ಮರಳು ಕಾಗದ ಹಾಕಿ ಉಜ್ಜಬೇಡಿ. ತೆಳುವಾದ ಎಣ್ಣೆಯನ್ನು ನಳಿಗೆಯೊಳಗೆ ಸವರಿ ಒಂದು ರಾತ್ರಿ ಬಿಟ್ಟು, ಕಂಚಿನ ತಂತಿಯ ಬ್ರಷ್ಷನ್ನು ಗಜಕ್ಕೆ (ನಳಿಗೆ ಶುಚಿ ಮಾಡುವ ಉದ್ದನೆಯ ಕೋಲಿಗೆ) ಸಿಕ್ಕಿಸಿ ಚೇಂಬರಿನ ಕಡೆಯಿಂದ ತಳ್ಳಿ, ತುದಿಯಿಂದ ಪೂರ್ತಿ ಹೊರಬಂದ ಮೇಲೆ ಹಿಂದಕ್ಕೆಳೆಯಿರಿ. ಆಮೇಲೆ ಬಿಳಿ ಬಟ್ಟೆಯ ತುಂಡಿನಿಂದ ಒರೆಸುತ್ತ ಹೋಗಿ. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ನಿಲ್ಲಿಸಬೇಡಿ. ಚುಕ್ಕೆ ಹೋಗಿ ನಳಿಗೆ ಹೊಳೆದರೆ ಕಥೆ ಮುಗಿಯಿತು. ಚುಕ್ಕೆಯ ಜಾಗದಲ್ಲಿ ಗುಳಿ ಉಳಿದರೆ, ಅದರಲ್ಲೂ ಚೇಂಬರಿನ ಮುಂದಿನ ಒಂದು ಗೇಣಿನೊಳಗೆ ಉಳಿದರೆ, ಗೋಡೆಯ ದಪ್ಪ ಅಳೆಸದೆ ಹಾರಿಸಬಾರದು, ಏಕೆಂದರೆ ಒತ್ತಡ ಅತಿ ಹೆಚ್ಚಿರುವುದು ಅಲ್ಲೇ.

ಹಳೆಯ ಕಾಡತೂಸು ಹಾರಿಸಿದ ನಳಿಗೆ ಎಣ್ಣೆ ಹಚ್ಚಿದರೂ ತುಕ್ಕು ಹಿಡಿಯುವುದಕ್ಕೆ ಬೇರೊಂದು ಕಾರಣವಿದೆ. ಹಿಂದಿನ ಕಾಲದ ಕೇಪುಗಳಲ್ಲಿ (ಕಾಡತೂಸಿನ ತಳದಲ್ಲಿದ್ದು ಮದ್ದಿಗೆ ಕಿಡಿ ಹಚ್ಚುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಅಡಿಗೆ ಉಪ್ಪಿನ ಜಾತಿಯದೇ ಒಂದು ಉಪ್ಪು ನಳಿಗೆಯೊಳಗೆ ಉಳಿದು ಗಾಳಿಯ ತೇವವನ್ನು ಹೀರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಅಂಥ ಕಾಡತೂಸು ಹಾರಿಸಿದ ದಿನವೇ, ಮರದ ಭಾಗ ಬೇರ್ಪಡಿಸಿ, ಕುದಿಯುವ ನೀರು ಹೊಯ್ದು, ಬಿಸಿ ಇರುವಾಗಲೇ ಒಣಗಿಸಿ, ನಂತರ ಎಣ್ಣೆ ಸವರುವುದನ್ನು ಸೇನೆಯಲ್ಲಿ ನಮಗೆ ಮೊದಲ ಪಾಠವಾಗಿ ಕಲಿಸುತ್ತಿದ್ದರು.

ಎಣ್ಣೆ ಯಾವುದೆಂಬುದು ನಮ್ಮ ಭಾಗದಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು. ವಿಜಯಪುರದ ಕಡೆಯಿಂದ ಬರುವ ಬಂದೂಕುಗಳಲ್ಲಿ ಕುಸುಬಿ ಎಣ್ಣೆಯನ್ನು ಯಂತ್ರಭಾಗಕ್ಕೆ ಬಿಟ್ಟಿರುವುದನ್ನು ನೋಡಿದ್ದೇನೆ. ಕುಸುಬಿ, ಅಗಸಿ ಎರಡೂ ಒಣಗುವ ಎಣ್ಣೆಗಳು. ಗಾಳಿ ತಾಗಿ ಅಂಟಾಗಿ, ಆಮೇಲೆ ವಾರ್ನಿಷ್‌ನಂತೆ ಗಟ್ಟಿಯಾಗಿ, ಕೇಪಿಗೆ ಬಡಿಯುವ ಮೊಳೆಯನ್ನು ಹಿಡಿದಿಡುತ್ತವೆ. ಎರೆಭೂಮಿಯ ಧೂಳು ಅದರ ಜೊತೆ ಸೇರಿದರೆ ಅರೆಯುವ ಕಲ್ಲೇ ಸರಿ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಯಂತ್ರಭಾಗಕ್ಕೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೆರಡು ಹನಿ ಸಾಕು. ಅಗಸಿ ಎಣ್ಣೆಯ ಒಣಗುವ ಗುಣ ಮರದ ಹಿಡಿಗೆ ಮಾತ್ರ ವರದಾನ: ವರ್ಷಕ್ಕೆರಡು ಸಲ ಅಂಗೈಯಿಂದ ತೆಳ್ಳಗೆ ತಿಕ್ಕಿ ಒಣಗಿಸಿದರೆ ಅಕ್ರೋಟ್ ಮರ ನೀರು ಕುಡಿಯುವುದಿಲ್ಲ.

ಮೃಗಶಿರಾ ಮಳೆ ಹಿಡಿಯುವ ಮೊದಲು ಬಂದೂಕನ್ನು ಚರ್ಮದ ಚೀಲದಿಂದ ಹೊರತೆಗೆಯಿರಿ. ಚರ್ಮ ತೇವವನ್ನು ಹಿಡಿದು ಉಕ್ಕಿಗೆ ಉಣಿಸುತ್ತದೆ. ಬೀಗವಿರುವ ಕಪಾಟಿನಲ್ಲಿ, ನಳಿಗೆಯ ತುದಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಾದ ಎಣ್ಣೆ ಮರಕ್ಕೆ ಇಳಿದು ಅದನ್ನು ಕೊಳೆಸುವುದಿಲ್ಲ. ಕಾಡತೂಸುಗಳು ಬೇರೆ ಬೀಗದಲ್ಲಿ, ಒಲೆಯ ಕೋಣೆಯಿಂದ ದೂರ, ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿರಲಿ. ಶ್ರಾವಣ ಮುಗಿಯುವವರೆಗೆ ವಾರಕ್ಕೊಮ್ಮೆ ಬಂದೂಕು ತೆಗೆದು, ಬೆರಳ ಗುರುತುಗಳನ್ನು ಒರೆಸಿ, ಎಣ್ಣೆಬಟ್ಟೆ ಆಡಿಸಿ ಇಡಿ. ಮುಂದೆ ಎಂದಾದರೂ ರೈಫಲ್ ಕೊಂಡರೆ ಈ ಎಲ್ಲದರ ಜೊತೆಗೆ ಒಂದು ಎಚ್ಚರಿಕೆ ಹೆಚ್ಚು: ಬೋಲ್ಟ್ ಹೊರತೆಗೆದು ಹಿಂದಿನಿಂದಲೇ ಶುಚಿ ಮಾಡಬೇಕು, ಏಕೆಂದರೆ ಗಜ ಉಜ್ಜಿ ತುದಿಯ ಅಂಚು ಸವೆದರೆ ಗುರಿಯೇ ಕೆಡುತ್ತದೆ.

ಉಳಿದ ಕಾಗದದ ಕಾಡತೂಸುಗಳನ್ನು ಹಾರಿಸಬೇಡಿ. ತೇವಕ್ಕೆ ಕಾಗದ ಉಬ್ಬಿದ್ದರೆ ಅವು ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮದ್ದು ಹಳಸಿದ್ದರೆ ಟ್ರಿಗರ್ ಎಳೆದ ಕ್ಷಣ ಸುಮ್ಮನಿದ್ದು, ಆಮೇಲೆ ಸಿಡಿಯಬಹುದು. ಯಾವುದೇ ಕಾಡತೂಸು ಹಾರದೆ ಹೋದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾದ ನಂತರವೇ ಬಂದೂಕು ಬಿಚ್ಚಬೇಕು. ಹಳೆಯವನ್ನು ಬಾವಿಗೂ ತಿಪ್ಪೆಗೂ ಎಸೆಯಬಾರದು. ತಂದೆಯವರ ಪರವಾನಗಿ ಪುಸ್ತಕದೊಂದಿಗೆ ಅವನ್ನು ಪೊಲೀಸ್ ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ, ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ; ವರ್ಗಾವಣೆಯ ಅರ್ಜಿಯ ಜೊತೆ ಲೆಕ್ಕ ಕೇಳಿದರೆ ಆ ರಸೀದಿಯೇ ಉತ್ತರ. ಬಂದೂಕಿನ ಪರೀಕ್ಷೆಯನ್ನು ಅರ್ಜಿ ಹಾಕುವ ಮೊದಲೇ ಮಾಡಿಸಿ. ನಳಿಗೆಯ ದಪ್ಪ, ಚೇಂಬರಿನ ಉದ್ದ, ಎರಡೂ ಚೋಕಿನ ಅಳತೆ ಕೈಗೆ ಬಂದ ಮೇಲೆ, ಹೊಲದ ಆಚೆ ಏನಿದೆಯೆಂಬುದನ್ನೂ ಸೇರಿಸಿ ಬರೆದರೆ, ನಿಮ್ಮ ಬಂದೂಕಿಗೆ ಹೊಂದುವ ಕಾಡತೂಸನ್ನು ಹೆಸರು ಹಿಡಿದೇ ಹೇಳುತ್ತೇನೆ.